ಒಡಪಿನೊಳಗಿನ ಹೆಸರು

ಹಿರಿಯರು ಪಟ್ಟು ಹಿಡಿದ ಮೇಲೆ ಗಂಡ ಆಕೆಯನ್ನು ಪರದೇಶಕ್ಕೆ ಕರೆಸಿಕೊಂಡಿದ್ದ. ವಿಮಾನ ನಿಲ್ದಾಣದ ಗಾಜಿನಾಚೆ ಮಹಾನಗರ ಆಕಾಶದೆತ್ತರಕ್ಕೆ ನಿಂತಿತ್ತು. ಕರೆದೊಯ್ಯಬೇಕಾದ ಅವನು ಮಾತ್ರ ಬಂದಿರಲಿಲ್ಲ. ಅವನ ಮೊಬೈಲು ಬಂದ್ ಆಗಿತ್ತು. “ಯವ್ವಾ” ಎಂದು ಆಕೆ ಅತ್ತದ್ದನ್ನು ಕೇಳಿ ಸಹಾಯ ಕೌಂಟರಿನ ಕನ್ನಡತಿಯೊಬ್ಬಳು ಹತ್ತಿರ ಬಂದಳು.

“ಇಲ್ಲಿನ ಕನ್ನಡ ಸಂಘದವರ ಹತ್ರ ಎಲ್ಲರ ಮನೆ ಫೋನ್ ನಂಬರೂ ಇರುತ್ತೆ. ನಿಮ್ಮ ಯಜಮಾನರ ಹೆಸರು ಹೇಳಿ, ಕೇಳ್ತೀನಿ.”

“ಅವರ ಹೆಸರು ಹೆಂಗ ಹೇಳ್ಲಿರಿ ಅಕ್ಕಾರ? ಆಯುಷ್ಯ ಕಡಿಮಿ ಆಗ್ತದಂತ.”

“ಹಾಗಾದ್ರೆ ಒಡಪು ಕಟ್ಟಿ ಹೇಳಿಬಿಡಿ, ಮದುವೇಲಿ ಹೇಳಿದ ಹಾಗೆ!”

ಆಕೆ ಕಣ್ಣೊರೆಸಿಕೊಂಡು, ಗಾಜಿನಾಚೆ ನೋಡುತ್ತ, ನಾಚಿಕೊಂಡೇ ಹೇಳಿದಳು:

“ಮುಗಿಲ ಮುಟ್ಯಾವ ಗಾಜಿನ ಮನಿ ಸಾಲು,
ಸಂಗಮೇಶರ ಸಂಗಾಟ ಇಲ್ಲೇ ನನ್ನ ಬಾಳು.”

ಕನ್ನಡತಿ ನಕ್ಕು, ಸಂಘದವರಿಂದ ನಂಬರು ಪಡೆದು, ಆಕೆಗೂ ಕೇಳಲೆಂದು ಸ್ಪೀಕರಿನಲ್ಲಿಟ್ಟು ಕರೆ ಮಾಡಿದಳು. ಎತ್ತಿದ್ದು ಒಬ್ಬ ಹೆಂಗಸು.

“ಸಂಗಮೇಶ ಅವರಿದ್ದಾರಾ?”

ಆ ದನಿ ಮನೆಯೊಳಕ್ಕೆ ತಿರುಗಿ ಕೂಗಿತು: “ಸಂಗೂ, ನಿಂಗೆ ಫೋನು ಕಣೋ! ಪಾಪೂ, ಅಪ್ಪನ್ನ ಬಿಡು ಚಿನ್ನ.”