ಕಾಲಿಗೆ ಕೆಂಪು ನೂಲು

ಪುಷ್ಪಾವತಿ ಸತ್ತ ಹುಂಜವನ್ನು ತಂದು ಜಗಲಿಯಲ್ಲಿ ಡಾಕ್ಟರರ ಬೂಟಿನ ಮುಂದೆಯೇ ದೊಪ್ಪನೆ ಬಿಸಾಡಿದಳು. ಉಸಿರು ಸಿಗದೆ ಬಾಯಿ ತೆರೆದೇ ಸತ್ತಿದ್ದ ಅದರ ಮುಖವನ್ನು ಡಾಕ್ಟರ್ ಹರಿನಾರಾಯಣ ರಾಯರು ನೋಡಲಿಲ್ಲ. ಬಗ್ಗಿ ಕಾಲು ಎತ್ತಿ ನೋಡಿದರು. ಕೆಂಪು ನೂಲು ಇರಲಿಲ್ಲ. ಅವರ ಮುಖ ಅರಳಿತು.

"ಸೂಜಿ ಹಾಕಿ ನೂಲು ಕಟ್ಟಿದ ಕೋಳಿಗಳೆಲ್ಲ ಬದುಕಿದವು. ಹಾಕದ್ದು ಒಂದೂ ಉಳಿಯಲಿಲ್ಲ. ಹೊಸ ಮದ್ದು ಗೆದ್ದಿತಮ್ಮ!"

"'ಅರ್ಧ ಕೋಳಿಗಳಿಗೆ ಮಾತ್ರ ಸೂಜಿ, ನೀವೇ ಆರಿಸಿ' ಅಂತ ನನಗೆ ಅಂದಿರಿ. ಕೋಳಿ ಅಂಕದಲ್ಲಿ ಕಾದಾಡಲು ಬಿಡುವ ಹುಂಜಕ್ಕೆ ಸೂಜಿ ತಾಗಬಾರದು ಅಂತ ಇದನ್ನು ಈಚೆ ಇಟ್ಟೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಆದರೆ ಡಾಕ್ಟ್ರೇ, ಇಡೀ ಬೋವಿಕಾನದಲ್ಲಿ ಇಲ್ಲದ ಸೀಕು ನನ್ನ ಗೂಡಿಗೆ ಮಾತ್ರ ಎಲ್ಲಿಂದ ಬಂತು?"

"ಹೋದ ವಾರ ನಾನೊಂದು ಹೇಂಟೆ ತಂದು ಬಿಟ್ಟೆನಲ್ಲ, ಅದಕ್ಕೆ ಸೀಕು ಇತ್ತು. ಸೀಕು ತಾಗಿಸದೆ ಮದ್ದಿನ ಬಲ ಗೊತ್ತಾಗುವುದು ಹೇಗೆ?"

"ಗೊತ್ತಿದ್ದೇ ಬಿಟ್ಟದ್ದಾ? ನೀವು ಎಂತ ಮನುಷ್ಯರು!"

"ಬೊಬ್ಬೆ ಹಾಕಬೇಡಿ. ಕೋಳಿ ಅಲ್ಲವಾ? ಇನ್ನು ಊರಿನ ಕೋಳಿಗಳೆಲ್ಲ ಉಳಿಯುತ್ತವೆ."

ಅಷ್ಟರಲ್ಲಿ ಅವಳ ಪುಟ್ಟ ಮಗಳು ಕೆಮ್ಮುತ್ತ ಹೊಸ್ತಿಲಿಗೆ ಬಂದಳು. ಆ ವರ್ಷ ಫ್ಲೂ ಜ್ವರ ಕಾಸರಗೋಡಿನ ಮನೆಮನೆಗೂ ಹೊಕ್ಕಿತ್ತು. ಕೆಮ್ಮು ಕೇಳಿ ರಾಯರು ಆ ಕಡೆ ತಿರುಗಿದರು. ಮಗುವಿನ ಮುಖ ನೋಡುವ ಮೊದಲು ಅವರ ಕಣ್ಣು ಅವಳ ಬರಿಗಾಲಿಗೆ ಹೋಯಿತು.

ಪುಷ್ಪಾವತಿ ಅದನ್ನು ಕಂಡಳು. ಮಗಳನ್ನು ಬಾಚಿ ಎತ್ತಿಕೊಂಡು ಒಳಗೆ ಹೋಗಿ, ಅವರ ಮುಖದ ಮೇಲೆಯೇ ಬಾಗಿಲು ಹಾಕಿದಳು.