ಮೂರನೇ ಟ್ಯಾಂಕು

ಮೊಣಕೈವರೆಗೆ ರಬ್ಬರ್ ಗ್ಲೌಸ್ ಏರಿಸಿಕೊಂಡು ಮಹೇಂದ್ರ ಮೀನುಗಳನ್ನು ಒಂದೊಂದಾಗಿ ಮೂರನೇ ಟ್ಯಾಂಕಿಗೆ ಬಿಟ್ಟ. ಎಂಟು ಕಪ್ಪು ಏಂಜೆಲ್. ಜೊತೆಯವು ಬೆನ್ನು ಬಾಗಿ, ಮೈಯೆಲ್ಲ ಹುಣ್ಣಾಗಿ ಸತ್ತಿದ್ದವು. ಇವು ನೋಡಲು ಇನ್ನೂ ಲಕ್ಷಣವಾಗಿಯೇ ಇದ್ದವು. ಮೀನಿನ ಕ್ಷಯ. ಗಾಯವಿರುವ ಕೈ ಆ ನೀರಿಗಿಳಿದರೆ ರೋಗಾಣು ಮನುಷ್ಯನಿಗೂ ಹತ್ತುತ್ತದೆ. ಮೂರು ವಾರಕ್ಕೆ ಬೆರಳ ಮೇಲೆ ಗಂಟು, ಆಮೇಲೆ ಕೀವು. ಹಳೆಯ ಗಿರಾಕಿಯೊಬ್ಬರ ಕೈ ಹಾಗಾಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಗಾಯದ ಏರ್ಪಾಡನ್ನೂ ಅವನೇ ಮಾಡಿದ. ಬಲೆ ಆಡದ ಹಾಗೆ ಟ್ಯಾಂಕಿನ ತುಂಬ ಚೂಪು ಕಲ್ಲು ಜೋಡಿಸಿದ. ಮೀನು ಬೇಕೆಂದರೆ ಕೈಯನ್ನೇ ಹಾಕಬೇಕು. ಹಾಕಿದ ಕೈ ತರಚದೆ ಹೊರಗೆ ಬರುವಂತಿಲ್ಲ.

ಮತ್ತಿಕೆರೆಯ ಅವನ ಅಲಂಕಾರದ ಮೀನಿನ ಅಂಗಡಿಯಿಂದ ನಾಲ್ಕು ತಿಂಗಳಿಂದ ಮೀನು ಮಾಯವಾಗುತ್ತಿತ್ತು. ಬೀಗ ಮುರಿದಿರಲಿಲ್ಲ. ಹೋಗುತ್ತಿದ್ದುದು ಕಪ್ಪು ಏಂಜೆಲ್ ಮಾತ್ರ, ಅಪ್ಪ ಇಪ್ಪತ್ತು ವರ್ಷ ಮರಿ ಮಾಡಿಸಿ ಉಳಿಸಿದ ತಳಿ. ಕಳ್ಳ ಯಾರೆಂದು ಮಹೇಂದ್ರನಿಗೆ ಅನುಮಾನವೇ ಇರಲಿಲ್ಲ. ತಮ್ಮ ವಾಸು. ಅಪ್ಪ ಸತ್ತ ವರ್ಷವೇ ಜಗಳ ತೆಗೆದು ಮಹೇಂದ್ರನೇ ಅವನನ್ನು ಬರಿಗೈಯಲ್ಲಿ ಹೊರಗೆ ಹಾಕಿದ್ದ. ಈಗ ಆ ಭೂಪ ಯಲಹಂಕದಲ್ಲಿ ಸ್ವಂತ ಅಂಗಡಿ ತೆರೆದಿದ್ದಾನಂತೆ. ಹಳೆಯ ಬೀಗದಕೈ ಎಲ್ಲೋ ಬಚ್ಚಿಟ್ಟುಕೊಂಡಿರಬೇಕು.

ಕಳುವಾಗುತ್ತಿದ್ದುದು ಶನಿವಾರ. ಅಂದು ಬೆಳಿಗ್ಗೆ ಮಹೇಂದ್ರ ಮೀನು ತರಲು ಹೆಸರಘಟ್ಟದ ಕಡೆ ಹೋಗುತ್ತಾನೆ. ಮಹಡಿಯ ಮನೆಯಿಂದ ಅವ್ವ ಮುನಿಯಲ್ಲಮ್ಮ ಅಭಿಷೇಕದ ಹಾಲಿನ ಕ್ಯಾನ್ ಹಿಡಿದು ದೇವಸ್ಥಾನಕ್ಕೆ ಹೊರಡುತ್ತಾಳೆ. ಮಧ್ಯಾಹ್ನದವರೆಗೆ ಅಂಗಡಿಗೆ ಬೀಗ. ಇದೆಲ್ಲ ವಾಸುವಿಗೆ ಬಾಯಿಪಾಠ.

ಆ ಶನಿವಾರ ಮರಳಿ ಬಂದು ಎಣಿಸಿದ. ಆರು. ಒಂದು ಕಲ್ಲಿನ ತುದಿಯಲ್ಲಿ ಕೂದಲೆಳೆಯಷ್ಟು ಚರ್ಮ ಸಿಕ್ಕಿಕೊಂಡಿತ್ತು. ಮಹೇಂದ್ರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಕದ್ದೋನ ಕೈ ಕೊಳೀಬೇಕು ಅವ್ವ, ಹುಳ ಬೀಳ್ಬೇಕು," ಎಂದ ಊಟಕ್ಕೆ ಕೂತು.

"ಯಾರ ಕೈಯೋ ಏನೋ. ನೋಡ್ದೆ ಅಂಗೆಲ್ಲ ಶಾಪ ಆಕ್ಬ್ಯಾಡ ಕಣೋ ಮಗಾ."

"ಯಾರದಾದ್ರೂ ಸರಿ, ಕೊಳೀಲಿ."

ಮುದ್ದೆ ಮುರಿಯುತ್ತ ಅವನು ಮನಸ್ಸಿನಲ್ಲೇ ದಿನ ಎಣಿಸತೊಡಗಿದ.

ಮೂರನೇ ವಾರ ಮನೆಯಲ್ಲಿ ಮುದ್ದೆ ನಿಂತಿತು. ಎರಡು ಹೊತ್ತೂ ಅನ್ನ. ಕೇಳಿದರೆ, "ತೊಳಸಕ್ಕೆ ಆಗಕ್ಕಿಲ್ಲ ಕಣಪ್ಪ," ಎಂದಳು ಅವ್ವ. ತಮ್ಮನಿಗೆ ಶಾಪ ಹಾಕಿದ್ದಕ್ಕೆ ಮುನಿಸು ಎಂದುಕೊಂಡ. ಒಂದು ದಿನ ಸಾರನ್ನು ಎಡಗೈಯಲ್ಲಿ ಬಡಿಸಿದಳು. "ಎಡಗೈಲಿ ಬಡಿಸ್ತಾರಾ ಯಾರಾದ್ರೂ?" ಎಂದು ರೇಗಿದ. ರೇಗಿದ್ದೂ ಅರೆಮನಸ್ಸಿನಿಂದ, ಅವನ ತಲೆಯ ತುಂಬ ಇದ್ದುದು ಬೇರೆಯವನ ಕೈ.

ನಾಲ್ಕನೇ ವಾರ ತಡೆಯಲಾಗಲಿಲ್ಲ. ಈ ಕಾಯಿಲೆಗೆ ಮಾತ್ರೆಯಿದೆ. ಬೇಗ ಶುರು ಮಾಡಿದರೆ ಬೆರಳು ಉಳಿಯುತ್ತದೆ. ಆ ಗುಟ್ಟು ತನ್ನ ಬಾಯಿಂದ ಹೊರಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೇ ಯಲಹಂಕದ ಅಂಗಡಿಗೆ ನುಗ್ಗಿದ. ಒಳಗೆ ಮೂಲೆಯ ಟ್ಯಾಂಕಿನಲ್ಲಿ ಬೇರೆಯಾಗಿ ಎರಡು ಕಪ್ಪು ಏಂಜೆಲ್, ಬೆನ್ನು ಬಾಗಿ ತೇಲುತ್ತಿದ್ದವು.

"ಕೈ ತೋರ್ಸೋ ಕಳ್ಳ!"

ವಾಸು ಎರಡೂ ಕೈ ಚಾಚಿದ. ಮಹೇಂದ್ರ ಮಗುಚಿ ನೋಡಿದ, ಬೆರಳು ಬಿಡಿಸಿ ನೋಡಿದ. ಒಂದು ಗೀರೂ ಇರಲಿಲ್ಲ.

"ಕಾಯಿಲೆ ಮೀನು ಅಂತ ನೋಡಿದ್ ತಕ್ಷಣ ಗೊತ್ತಾಯ್ತಣ್ಣ. ನಾನು ಬರಿಗೈಲಿ ಮುಟ್ಲಿಲ್ಲ," ಎಂದ ವಾಸು. ತುಂಬಿದ ಕಣ್ಣಲ್ಲೇ ಮತ್ತೆ ಕೇಳಿದ:

"ಆದ್ರೆ ಅಪ್ಪನ ತಳೀಲಿ ನಿಂಗೂ ಪಾಲಿದೆ ಅಂತ ಪ್ರತಿ ಸಲ ಹಾಲಿನ ಕ್ಯಾನಲ್ಲಿ ನಂಗೆ ಮೀನು ತಂದ್ಕೊಡ್ತಿದ್ಲಲ್ಲ ಅವ್ವ, ಅವಳ ಬಲಗೈ ನೋಡಿದ್ಯಾ?"