ಬೋಗುಣಿಯ ತಳ

ಬಡವರ ಪಟ್ಟಿಗಾಗಿ ಮನೆ ನೋಡಲು ಬಂದಿದ್ದ ಶ್ರೀನಿವಾಸ ಮಾಸ್ತರರು, ಸಾಬೀರಾಳ ಬೋಗುಣಿಯನ್ನು ಮಗುಚಿ ತಳದ ಮೇಲೆ ಬೆರಳೆಳೆದರು. ಬೆರಳಿಗೆ ಒಂದಿಷ್ಟೂ ಮಸಿ ಹತ್ತಲಿಲ್ಲ.

“ಕಟ್ಟಿಗಿ ಒಲಿ ಮ್ಯಾಲ ಅಡಗಿ ಮಾಡ್ತೀನಿ ಅಂದ್ರಲ್ಲರಿ, ಅಕ್ಕಾರ?”

ಸಾಬೀರಾ ಒಲೆಯ ಕಡೆ ನೋಡಿದಳು. ಗ್ಯಾಸ್ ಇದ್ದವರ ರೇಷನ್ ಕಾರ್ಡು ಹೋಗುತ್ತದೆಂದು ಸೂಡಿ ಊರ ತುಂಬ ಸುದ್ದಿ. ಸಿಲಿಂಡರನ್ನು ಕೌದಿಗಳ ಕೆಳಗೆ ಮುಚ್ಚಿಟ್ಟು, ಎರಡು ವರ್ಷದಿಂದ ತಣ್ಣಗಿದ್ದ ಒಲೆಗೆ ಈಗಷ್ಟೇ ಬೆಂಕಿ ಹಚ್ಚಿದ್ದಳು. ಪಾತ್ರೆಗಳ ನೆನಪೇ ಆಗಿರಲಿಲ್ಲ.

“ಹೌದ್ರಿ,” ಎಂದಳು.

ಓಣಿಯಲ್ಲಿ ಜೀಪು ನಿಂತಿತು. ಮಾಸ್ತರರು ಬೋಗುಣಿಯನ್ನು ಅವಳ ಕೈಗೆ ತುರುಕಿದರು. “ಪಟ್ಟಿ ತಪಾಸ್ ಮಾಡೋ ಸಾಹೇಬ್ರು ಬಂದ್ರು. ಲಗೂ ಮಸಿ ಹಚ್ಚರಿ!”

ಅವಳು ತಿರುಗಿ ನೋಡಿದಳು. ಗೋಡೆಯ ಹಲಗೆಯ ಮೇಲೆ ಇನ್ನೂ ಹನ್ನೊಂದು ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು.